ಬಲಗಾಲಿಗೆ ಬರೆ

ಆ ದಿನ ಬೆಳಿಗ್ಗೆ ಮಿಡತೆ ಬಾಗಿಲು ಹಾಕಿಕೊಂಡು ಹಾರಿದ್ದರೆ ಈ ಕತೆಯೇ ಹುಟ್ಟುತ್ತಿರಲಿಲ್ಲ. ಆದರೆ ಅಕ್ಕನ ಹೊಲಿಗೆ ಮಿಷನ್ನು, ಬಟ್ಟೆಯ ಗಂಟುಗಳ ನಡುವೆ ಆ ಮನೆಯಲ್ಲಿ ಹಾರುವುದಿರಲಿ, ಆಕಳಿಸಿ ಕೈ ಚಾಚಲೂ ಜಾಗವಿರಲಿಲ್ಲ. ಹಾಗಾಗಿ ಅವನು ಮೂರನೇ ಮಹಡಿಯ ಕಾರಿಡಾರಿಗೆ ಬಂದು, ಅಕ್ಕನ ಅಳತೆ ಟೇಪನ್ನು ನೆಲಕ್ಕೆ ಹಾಸಿ, ಎಡಗಾಲೊಂದರಲ್ಲೇ ಹಾರಿ ಅದೇ ಕಾಲಿನ ಮೇಲೆ ಇಳಿದ. ಟೇಪು ನೋಡಿ ಮುಖ ಸಪ್ಪಗೆ ಮಾಡಿಕೊಂಡ. ಆಮೇಲೆ ಬಲಗಾಲಿನಲ್ಲಿ ಹಾರಿದ. ಅದು ಸಲೀಸಾಗಿ ಒಂದು ಗೇಣು ಮುಂದೆ ಹೋಗಿ ಇಳಿಯಿತು. ಒಳ್ಳೆಯ ಕಾಲು ಚೆನ್ನಾಗಿ ಹಾರಿತಲ್ಲಾ ಎಂದು ಯಾರಾದರೂ ಸಂಕಟಪಟ್ಟದ್ದನ್ನು ನೀವು ಕಂಡಿದ್ದೀರೋ ಇಲ್ಲವೋ, ಮಿಡತೆಗೆ ಮಾತ್ರ ಅಳುವೇ ಬಂತು.

ಮಿಡತೆ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಉದ್ದ ಜಿಗಿತದಲ್ಲಿ ದೇಶದ ದಾಖಲೆಯನ್ನು ಎರಡು ಸಲ ಮುರಿದ ಈ ಮನುಷ್ಯನ ಕೈಕಾಲಿನ ಉದ್ದ ನೋಡಿ ಕೋಚ್ ಕರೆದದ್ದು, ಹಾಗೇ ಅಂಟಿಕೊಂಡಿತು. ಎಂಟು ತಿಂಗಳ ಹಿಂದೆ ದಾಖಲೆಯನ್ನು ಮೂರನೇ ಸಲ ಮುರಿಯಲು ಹೋದಾಗ ಮರಳಿನ ಗುಂಡಿಯಲ್ಲಿ ಎಡಗಾಲು ಒಂದು ಕಡೆಗೆ, ಮೈ ಇನ್ನೊಂದು ಕಡೆಗೆ ತಿರುಗಿತು. ಮಂಡಿಯೊಳಗಿನ ಲಿಗಮೆಂಟ್ ಹಳೇ ಚಪ್ಪಲಿಯ ಬಾರಿನ ಹಾಗೆ ಪಟ್ಟೆಂದು ಕಿತ್ತು ಬಂತು. ಆಪರೇಷನ್ ಆಯಿತು. ಅಲ್ಲಿಂದ ಫಿಸಿಯೋ ಮೇಡಂ ಕೈಗೆ ಬಿದ್ದ.

ಎಂಟು ಮೀಟರು ಹಾರುತ್ತಿದ್ದವನಿಗೆ ಮೇಡಂ ಮೊದಲು ಕೊಟ್ಟ ಕೆಲಸವೆಂದರೆ, ಮಲಗಿದಲ್ಲೇ ಹಿಮ್ಮಡಿಯನ್ನು ಒಂದು ಗೇಣು ಜಾರಿಸಿ ವಾಪಸು ತರುವುದು. ಆಮೇಲೆ ತೊಡೆಗೆ ರಬ್ಬರ್ ಪಟ್ಟಿ ಕಟ್ಟಿಕೊಂಡು ಏಡಿಯ ಹಾಗೆ ಅಡ್ಡಡ್ಡ ನಡೆಯುವುದು. ಎಡಗಾಲೊಂದರ ಮೇಲೆ ಭಾರ ಹಾಕಿ ಕುರ್ಚಿಯಿಂದ ಮೊದಲ ಸಲ ಎದ್ದು ನಿಂತಾಗ ಅಕ್ಕ ಚಪ್ಪಾಳೆ ತಟ್ಟಿದಳು. ಕ್ರೀಡಾಂಗಣ ತುಂಬ ಚಪ್ಪಾಳೆ ಕೇಳಿದವನು ಆ ಒಂದು ಚಪ್ಪಾಳೆಗೆ ಗೋಡೆ ಕಡೆ ತಿರುಗಿ ಕಣ್ಣು ಒರೆಸಿಕೊಂಡಿದ್ದ.

ಈಗ ಉಳಿದದ್ದು ಕೊನೆಯ ಪರೀಕ್ಷೆ, ಅದೂ ಇವತ್ತೇ ಸಂಜೆ. ಒಳ್ಳೆಯ ಕಾಲು ನೂರು ಹಾರಿದರೆ ಪೆಟ್ಟಾದ ಕಾಲು ತೊಂಬತ್ತಾದರೂ ಹಾರಬೇಕು. ಹಾಗಾದರೆ ಮಾತ್ರ ಮರುದಿನ ರಾಷ್ಟ್ರೀಯ ಶಿಬಿರದ ಬಸ್ಸು ಹತ್ತಬಹುದು. ಕೋಚ್ ಅವನ ಜಾಗವನ್ನು ಇವತ್ತು ಸಂಜೆಯವರೆಗೆ ಹೇಗೋ ಹಿಡಿದಿಟ್ಟಿದ್ದರು. ಮಿಡತೆಗೆ ಮೂವತ್ತು ದಾಟಿತ್ತು. ಹಿಂದಿನಿಂದ ಹೊಸ ಹುಡುಗರು ಹಾರಿಕೊಂಡು ಬರುತ್ತಿದ್ದರು. ಈ ಸಲ ತಪ್ಪಿದರೆ ಇನ್ನೊಂದು ಸಲ ಎಂಬುದಿಲ್ಲ ಎಂದು ಅವನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಹೋದ ವಾರ ಮೇಡಂ ಅಳೆದಾಗ ಎಡಗಾಲು ಎಂಬತ್ತಾರಕ್ಕೆ ನಿಂತಿತ್ತು.

"ಏನಪ್ಪಾ ಇದು, ಬೆಳಿಗ್ಗೆ ಬೆಳಿಗ್ಗೆ ನಮ್ಮ ತಲೆ ಮೇಲೆ ಧಡಾರ್ ಅಂತ?"

ಮೆಟ್ಟಿಲು ಹತ್ತಿ ಬಂದವರು ಕೆಳಗಿನ ಮನೆಯ ಗಣಿತದ ಮೇಷ್ಟ್ರು. ಅವರು ನಿವೃತ್ತರಾಗಿ ಬಹಳ ಕಾಲವಾಗಿತ್ತು. ಗಣಿತ ಮಾತ್ರ ಅವರನ್ನು ಬಿಟ್ಟಿರಲಿಲ್ಲ. ಹಾಲಿನವನ ಲೋಟದಿಂದ ಹಿಡಿದು ಲಿಫ್ಟಿನಲ್ಲಿ ನಿಂತವರ ತೂಕದವರೆಗೆ ಎಲ್ಲದರ ಲೆಕ್ಕ ತೆಗೆದು, ಯಾರೂ ಕೇಳದಿದ್ದರೂ ಉತ್ತರ ಹೇಳುವುದು ಅವರ ಜೀವನಕ್ರಮ.

ಮಿಡತೆ ತನ್ನ ಗೋಳು ಹೇಳಿಕೊಂಡ. ಮೇಷ್ಟ್ರು ಕಣ್ಣು ಮುಚ್ಚಿ ಕೇಳಿದರು; ಕಣ್ಣು ತೆರೆದಾಗ ಅವರ ಮುಖದ ಮೇಲೆ ಹಳೆಯ ತರಗತಿಯ ಕಳೆ ಬಂದಿತ್ತು.

"ಇದು ಭಿನ್ನರಾಶಿ ಕಣಯ್ಯಾ. ಮೇಲೆ ಎಡಗಾಲು, ಕೆಳಗೆ ಬಲಗಾಲು. ಮೇಲಿನದು ಅಂಶ, ಕೆಳಗಿನದು ಛೇದ. ಉತ್ತರ ಜಾಸ್ತಿ ಆಗ್ಬೇಕು ಅಂದ್ರೆ ಎಷ್ಟು ದಾರಿ ಇದೆ?"

"ಎಡಗಾಲು ಇನ್ನೂ ದೂರ ಹಾರ್ಬೇಕು ಸಾರ್."

"ಅದು ಒಂದು ದಾರಿ. ಎಂಟು ತಿಂಗಳಲ್ಲಿ ಆಗ್ದೇ ಇರೋದು ಸಂಜೆ ಒಳಗೆ ಆಗತ್ತಾ? ಇನ್ನೊಂದು ದಾರಿ ಹೇಳು."

ಮಿಡತೆ ಶಾಲೆಯಲ್ಲೂ ಈ ಪ್ರಶ್ನೆಗೆ ನೆಲ ನೋಡಿದವನೇ. ಈಗಲೂ ನೋಡಿದ.

"ಛೇದ ಕುಗ್ಗಬೇಕು!" ಮೇಷ್ಟ್ರು ಗೆದ್ದವರಂತೆ ಗೋಡೆಗೆ ಬಡಿದರು. "ಬಲಗಾಲು ಕಡಿಮೆ ಹಾರ್ಬೇಕು!"

"ಬೇಕಂತ ಕಡಿಮೆ ಹಾರೋದಾ? ಅದು ಮೋಸ ಆಗತ್ತೆ ಸಾರ್. ಅದೂ ಅಲ್ದೆ ಮೇಡಂ ಕಣ್ಣು ಎಕ್ಸ್-ರೇ ಇದ್ದಂಗೆ. ಬೆರಳು ಕೊಂಕಿದ್ರೂ ಗೊತ್ತಾಗತ್ತೆ."

"ಬೇಕಂತ ಯಾಕೆ? ಸಂಜೆವರೆಗೆ ಬಲಗಾಲನ್ನ ಚೆನ್ನಾಗಿ ದಣಿಸು. ಎಡಗಾಲಿಗೆ ಪೂರ್ತಿ ವಿಶ್ರಾಂತಿ. ಆಮೇಲೆ ಎರಡರಲ್ಲೂ ಪ್ರಾಮಾಣಿಕವಾಗಿ ಹಾರು. ದಣಿದ ಕಾಲು ಸುಳ್ಳು ಹೇಳಲ್ಲ ಕಣಯ್ಯಾ."

ಪ್ರಾಮಾಣಿಕವಾಗಿ ಎಂಬ ಮಾತು ಮಿಡತೆಗೆ ಬಹಳ ಹಿಡಿಸಿತು. ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ ಎನ್ನುತ್ತಾರೆ. ಅದನ್ನು ಗಣಿತದ ಮೇಷ್ಟ್ರೇ ಅಳೆದು ಕೊಟ್ಟರೆ ಯಾರು ಬಿಡುತ್ತಾರೆ?

ಒಳಗಿನಿಂದ ಎಲ್ಲವನ್ನೂ ಕೇಳಿಸಿಕೊಂಡ ಅಕ್ಕ ಕತ್ತರಿ ಹಿಡಿದೇ ಹೊರಗೆ ಬಂದಳು. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ! ಎಡಗಾಲು ಸರಿ ಇಲ್ಲ ಅಂತ ಬಲಗಾಲು ಕೆಡಿಸ್ಕೊಳ್ತಾರೇನೋ? ಸುಮ್ನೆ ಹೋಗಿ ಇದ್ದಂಗೆ ಹಾರಿ ಬಾ."

"ಎಮ್ಮೆ ವಿಷಯ ಬೇರೆ ತಾಯೀ, ಇದು ಲೆಕ್ಕ," ಎಂದರು ಮೇಷ್ಟ್ರು.

ಅಕ್ಕ ಗೊಣಗುತ್ತಲೇ ಒಳಗೆ ಹೋದಳು. ಸ್ವಲ್ಪ ಹೊತ್ತು ಬಿಟ್ಟು ಅದೇ ಗೊಣಗಿನ ಧಾಟಿಯಲ್ಲಿ, "ಹೆಂಗೂ ದಣಿಸ್ತೀಯಂತೆ. ಈ ಪರದೆಗಳ ಅಂಚು ಹೊಲೀಬೇಕು, ಬಂದು ಪೆಡಲ್ ತುಳಿ," ಎಂದಳು. ಪೆಡಲ್ ತುಳಿಯುವ ಕಾಲು ಪುಕ್ಕಟೆ ಸಿಕ್ಕರೆ ಬೇಡ ಎನ್ನುವ ದರ್ಜಿ ಇನ್ನೂ ಹುಟ್ಟಿಲ್ಲ.

ಮಿಡತೆ ಎಡಗಾಲನ್ನು ದಿಂಬಿನ ಮೇಲಿಟ್ಟು ಬಲಗಾಲಿನಲ್ಲಿ ತುಳಿಯತೊಡಗಿದ. ಎಂಟು ಪರದೆ ಮುಗಿಯುವಷ್ಟರಲ್ಲಿ ಸುದ್ದಿ ಕಟ್ಟಡದ ಮೂರೂ ಮಹಡಿ ಇಳಿದು ಕೆಳಗಿನ ಇಸ್ತ್ರಿ ಅಂಗಡಿ ಸೇರಿತ್ತು. ಇಸ್ತ್ರಿಯವನು ಮಿಡತೆಯ ಕಟ್ಟಾ ಅಭಿಮಾನಿ. ಪೇಪರಿನಲ್ಲಿ ಬಂದ ಮಿಡತೆಯ ಚಿತ್ರವನ್ನು ಅಂಗಡಿಯ ಗೋಡೆಗೆ ಅಂಟಿಸಿ, ಸುಕ್ಕಾಗದಿರಲೆಂದು ಅದಕ್ಕೂ ಇಸ್ತ್ರಿ ಹಾಕಿ, ಒಂದು ಕಿವಿ ಸುಟ್ಟಿದ್ದ.

"ಅಣ್ಣಾ, ನೀನು ಯೋಚ್ನೆ ಬಿಡು," ಅವನು ಬಾಗಿಲಲ್ಲಿ ನಿಂತು ಹೇಳಿದ. "ನಿನ್ನ ಬಲಗಾಲಿನ ಜವಾಬ್ದಾರಿ ನಂದು. ಇಸ್ತ್ರಿ ಆದ ಗಂಟುಗಳು ಮನೆ ಮನೆಗೆ ಹೋಗ್ಬೇಕು. ನಾನು ಕೆಳಗಿನಿಂದ ಕೊಡ್ತೀನಿ, ನೀನು ಕುಂಟುತ್ತಾ ಮೇಲೆ ಒಯ್ಯಿ."

"ಕುಂಟುತ್ತಾನಾ?"

"ಒಂಟಿ ಕಾಲಲ್ಲಿ ಹಾರ್ಕೊಂಡು, ಅಂದ್ರೆ. ಬಲಗಾಲಲ್ಲಿ. ಎಡಗಾಲು ನೆಲ ತಾಕಿದ್ರೆ ನನ್ನ ಮೇಲಾಣೆ."

ಹೀಗೆ ದೇಶದ ದಾಖಲೆ ಮುರಿದ ಕ್ರೀಡಾಪಟು ಜನರ ಅಂಗಿ ಚಡ್ಡಿಗಳ ಗಂಟು ಹೊತ್ತು, ಕೈಯಲ್ಲಿ ಕಂಬಿ ಹಿಡಿದು, ಟಕ್ ಟಕ್ ಎಂದು ಒಂದೇ ಕಾಲಿನಲ್ಲಿ ಮೆಟ್ಟಿಲು ಹತ್ತತೊಡಗಿದ. ಮೇಷ್ಟ್ರು ಒಂದೊಂದು ಮಹಡಿಗೂ ನಿಂತು, "ಈಗ ಎಷ್ಟು ನೋವಿದೆ? ಹತ್ತರಲ್ಲಿ ಹೇಳು," ಎಂದು ಕೇಳುತ್ತಿದ್ದರು. ಮೂರು ಎಂದರೆ ಮುಖ ಬಾಡುತ್ತಿತ್ತು, ಐದು ಎಂದರೆ ಅರಳುತ್ತಿತ್ತು.

ಮಿಡತೆಯ ಬಲಗಾಲು ಕೆಲಸಕ್ಕೆ ಸಿಗುತ್ತದೆ ಎಂಬುದು ಮಧ್ಯಾಹ್ನದ ಹೊತ್ತಿಗೆ ಎಲ್ಲರಿಗೂ ಗೊತ್ತಾಯಿತು. ಒಬ್ಬರ ಬೀರು ಸರಿಸಬೇಕಿತ್ತು. ಇನ್ನೊಬ್ಬರ ಸೈಕಲ್ಲಿನ ಟೈರಿಗೆ ಗಾಳಿ ಬೇಕಿತ್ತು, ಕಾಲಿನ ಪಂಪು ಮನೆಯಲ್ಲೇ ಇತ್ತು. ಎದುರು ಮನೆಯ ಅಜ್ಜಿ, "ಮಗಾ, ಆ ಮೇಲಿನ ಗೂಡಿನ ಡಬ್ಬ ಎಷ್ಟು ದಿನದಿಂದ ಕೈಗೆ ಎಟುಕ್ತಿಲ್ಲ. ಬಲಗಾಲಿನ ಬೆರಳ ತುದೀಲಿ ನಿಂತ್ಕೊಂಡ್ರೆ ನಿನಗೆ ಸಿಗತ್ತೆ," ಎಂದಳು. ಮಿಡತೆ ಬೆರಳ ತುದಿಯಲ್ಲಿ ನಿಂತ. ಮೊದಲು ಇಳಿಸಿದ್ದು ಬೇರೆ ಡಬ್ಬ. ಎರಡನೆಯದೂ ಅಲ್ಲ. ಐದನೆಯದು ಸಿಕ್ಕಾಗ ಅಜ್ಜಿ ಅದರ ಮುಚ್ಚಳ ತೆಗೆದು ನೋಡಿ, "ಇದರಲ್ಲಿ ಏನಿಟ್ಟಿದ್ದೆ ಅಂತ ಮರೆತೇ ಹೋಗಿತ್ತು. ಏನೂ ಇಟ್ಟಿಲ್ಲ," ಎಂದು ಸಮಾಧಾನಪಟ್ಟಳು.

ಪಾಪ, ಆ ಬಲಗಾಲು! ಮನೆಯಲ್ಲಿ ಒಬ್ಬ ಮಗನಿಗೆ ಕಾಯಿಲೆಯೆಂದು ಎಲ್ಲರೂ ಅವನ ತಲೆ ಸವರುತ್ತಾ ಕೂತರೆ, ಗಟ್ಟಿಮುಟ್ಟಾದ ಇನ್ನೊಬ್ಬ ನೀರು ಹೊತ್ತು, ಸೌದೆ ಒಡೆದು, ಬೈಗುಳವನ್ನೂ ತಿನ್ನುತ್ತಾನಲ್ಲ, ಅದರ ಪಾಡೂ ಹಾಗೇ ಆಗಿತ್ತು. ಎಂಟು ತಿಂಗಳು ಇಬ್ಬರ ಭಾರವನ್ನೂ ಹೊತ್ತಿದ್ದು ಅದೇ. ಅದಕ್ಕೆ ಒಂದು ದಿನವೂ ಯಾರೂ ಎಣ್ಣೆ ಹಚ್ಚಿರಲಿಲ್ಲ.

ಕೊನೆಯ ಗಂಟು ಕೊಟ್ಟು ಹಾರುತ್ತಾ ಕೆಳಗಿಳಿಯುವಾಗ, ಆಗತಾನೇ ಒರೆಸಿದ ಮೆಟ್ಟಿಲಿನ ಮೇಲೆ ಬಲಗಾಲು ಸರ್ರನೆ ಜಾರಿತು. ಬೀಳುವ ಕ್ಷಣದಲ್ಲಿ ಎಡಗಾಲು ಊರಿದ್ದರೆ ನಿಂತುಬಿಡುತ್ತಿದ್ದ. ಆದರೆ "ಎಡಗಾಲು!" ಎಂದು ಮೇಷ್ಟ್ರೂ ಇಸ್ತ್ರಿಯವನೂ ಒಟ್ಟಿಗೆ ಕಿರುಚಿದ್ದರಿಂದ ಅವನು ಅದನ್ನು ಗಾಳಿಯಲ್ಲೇ ಹಿಡಿದುಕೊಂಡ. ಮೈಭಾರವೆಲ್ಲ ಬಲಗಾಲಿನ ಮೇಲೆ ಬಂತು. ಮೀನಖಂಡಕ್ಕೆ ಯಾರೋ ಹಿಂದಿನಿಂದ ಕಲ್ಲು ಬೀಸಿದ ಹಾಗಾಯಿತು. ಮಿಡತೆ ತಿರುಗಿಯೂ ನೋಡಿದ. ಯಾರೂ ಇರಲಿಲ್ಲ.

"ಈಗ ಎಷ್ಟು?" ಮೇಷ್ಟ್ರು ಆಸೆಯಿಂದ ಕೇಳಿದರು.

"ಒಂ... ಒಂಬತ್ತು ಸಾರ್."

"ಭೇಷ್! ಪಾಸಾದೆ ಅಂತ ತಿಳ್ಕೋ!"

ಮಿಡತೆಗೆ ಕಣ್ಣು ಕತ್ತಲೆ ಬರುವಷ್ಟು ನೋವು. ಆದರೂ ಮನಸ್ಸು ಹೂವಿನಷ್ಟು ಹಗುರವಾಗಿತ್ತು.

ಎಡಗಾಲು ದಣಿಯಬಾರದೆಂದೂ ಬಲಗಾಲು ಊರಲಾಗುವುದಿಲ್ಲವೆಂದೂ ಅವನನ್ನು ಇಸ್ತ್ರಿಯವನ ತಳ್ಳುಗಾಡಿಯಲ್ಲಿ ಕೂರಿಸಿದರು. ಎಡಗಾಲಿಗೆ ದಿಂಬು, ಬಲಗಾಲಿಗೆ ಬರೀ ಹಲಗೆ. ಬೀದಿಯಲ್ಲಿ ಕಂಡವರೆಲ್ಲ, "ಅಯ್ಯೋ, ಮತ್ತೆ ಮುರ್ಕೊಂಡ್ನಾ?" ಎಂದು ಮರುಗಿದರು. "ಇಲ್ಲ ಇಲ್ಲ, ವಾಸಿ ಆಗಿದೆ, ಪರೀಕ್ಷೆಗೆ ಹೋಗ್ತಿದೀವಿ," ಎಂದು ಇಸ್ತ್ರಿಯವನು ಗಾಡಿ ತಳ್ಳುತ್ತಲೇ ಕೂಗಿ ಹೇಳುತ್ತಿದ್ದ. ಪರೀಕ್ಷೆ ಎಂದ ಮೇಲೆ ಮೇಲ್ವಿಚಾರಕರು ಬೇಕೇ ಬೇಕೆಂದು ಮೇಷ್ಟ್ರು ಗಾಡಿಯ ಮುಂದೆ ನಡೆದರು. ತಮ್ಮನನ್ನು ಇವರ ಕೈಗೆ ಬಿಟ್ಟು ನೆಮ್ಮದಿಯಿಂದ ಹೊಲಿಯುತ್ತಾ ಕೂರಲಾರದೆ ಅಕ್ಕ ಹಿಂದೆ ಬಂದಳು.

ಫಿಸಿಯೋ ಮೇಡಂ ಕೋಣೆಯಲ್ಲಿ ಕೋಚ್ ಆಗಲೇ ಬಂದು ಕೂತಿದ್ದರು. ಮೇಡಂ ಸಣ್ಣ ಆಳು, ಸಣ್ಣ ದನಿ. ಆ ದನಿಗೆ ಭಾರ ಎತ್ತುವ ಪೈಲ್ವಾನರೂ ನಡುಗುತ್ತಿದ್ದರು. ಮಿಡತೆ ಬಾಗಿಲ ಹೊರಗೇ ಗಾಡಿಯಿಂದ ಇಳಿದು, ಹಲ್ಲು ಕಚ್ಚಿ, ನಗುತ್ತಾ ಒಳಗೆ ಬಂದ. ನೆಲಕ್ಕೆ ಹಾಸಿದ ರಬ್ಬರಿನ ಮೇಲೆ ಎಂದಿನಂತೆ ಒಂದು ನೀಲಿ ಪಟ್ಟಿ ಅಂಟಿಕೊಂಡಿತ್ತು. ರಬ್ಬರು ಹರಿದಿರಬೇಕು, ತೇಪೆ ಹಾಕಿದ್ದಾರೆ ಎಂದು ಮಿಡತೆ ಎಂಟು ತಿಂಗಳಿಂದ ಅಂದುಕೊಂಡಿದ್ದ.

"ಸಿದ್ಧಾನಾ?" ಮೇಡಂ ಕೇಳಿದರು. "ಮೊದಲು ಎಡಗಾಲು."

ಮಿಡತೆ ಗೆರೆಯ ಹಿಂದೆ ನಿಂತ. ಇಷ್ಟು ದಿನ ಇಲ್ಲಿ ನಿಂತಾಗಲೆಲ್ಲ ಲಿಗಮೆಂಟ್ ಕಿತ್ತ ಆ ಪಟ್ಟೆಂಬ ಸದ್ದು ಕಿವಿಯಲ್ಲಿ ಕೇಳುತ್ತಿತ್ತು. ಹಾರುವ ಕೊನೆಯ ಗಳಿಗೆಯಲ್ಲಿ ಮೈ ತಾನಾಗಿಯೇ ಹಿಂಜರಿಯುತ್ತಿತ್ತು. ಇವತ್ತು ಅಂಥದ್ದೇನೂ ಇಲ್ಲ. ಎಡಗಾಲು ಎಷ್ಟು ಹಾರಿದರೂ ಸಾಕು, ಛೇದ ಹೇಗೂ ಕುಗ್ಗಿ ಕೂತಿದೆ. ಮಂಡಿಯ ನೆನಪೇ ಇಲ್ಲದೆ ಅವನು ಕೈ ಬೀಸಿ ಹಾರಿದ. ಗಾಳಿಯಲ್ಲಿ ಒಂದು ಕ್ಷಣ ಹಳೆಯ ಮಿಡತೆಯೇ ಆಗಿದ್ದ. ನೀಲಿ ಪಟ್ಟಿಯನ್ನು ದಾಟಿ ನಾಲ್ಕು ಬೆರಳು ಆಚೆ, ಅದೇ ಕಾಲಿನ ಮೇಲೆ ಇಳಿದು, ಮರದ ಹಾಗೆ ಅಲುಗದೆ ನಿಂತ.

ಕೋಚ್ ಕುರ್ಚಿಯಿಂದ ಎದ್ದೇಬಿಟ್ಟರು. ಬಾಗಿಲಲ್ಲಿ ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು.

"ಈಗ ಬಲಗಾಲು," ಎಂದರು ಮೇಡಂ.

ಬಲಗಾಲು ಹಾರಲಿಲ್ಲ. ಹಾರಲು ಹೋಗಿ, ನಡುಗಿ, ಒಂದು ಮೊಳ ಮುಂದೆ ಮುಗ್ಗರಿಸಿತು. ಮಿಡತೆ ಎರಡೂ ಕೈ ಊರಿ ರಬ್ಬರಿನ ಮೇಲೆ ಬಿದ್ದ.

"ನೂರಕ್ಕೆ ನಾನೂರು!" ಕಿಟಕಿಯ ಹೊರಗಿನಿಂದ ಮೇಷ್ಟ್ರು ಕೂಗಿದರು. "ಪಾಸ್! ಪಾಸ್!"

ಮೇಡಂ ಕಿಟಕಿಯ ಕಡೆ ನೋಡಲಿಲ್ಲ. ಮಂಡಿಯೂರಿ ಕೂತು ಮಿಡತೆಯ ಬಲ ಮೀನಖಂಡವನ್ನು ಎರಡು ಬೆರಳಲ್ಲಿ ಒತ್ತಿದರು. ಮಿಡತೆಯ ಕಿರುಚಾಟಕ್ಕೆ ಪಕ್ಕದ ಕೋಣೆಯ ಪೈಲ್ವಾನ ಭಾರ ಕೆಳಗೆ ಬಿಟ್ಟ ಸದ್ದು ಕೇಳಿಸಿತು.

"ಸ್ನಾಯು ಹರಿದಿದೆ. ಇವತ್ತೇ ಆಗಿರೋದು," ಮೇಡಂ ಮೆಲ್ಲಗೆ ಹೇಳಿದರು. "ಏನು ಮಾಡ್ಕೊಂಡ್ರಿ?"

ಮಿಡತೆಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಭಿನ್ನರಾಶಿಯಿಂದ ಹಿಡಿದು ಅಜ್ಜಿಯ ಐದನೇ ಡಬ್ಬದವರೆಗೆ ಎಲ್ಲ ಹೇಳಿದ. ಹೇಳುತ್ತಾ ಹೇಳುತ್ತಾ ಅವನಿಗೇ ಅದು ಬೆಳಿಗ್ಗೆಯಷ್ಟು ಬುದ್ಧಿವಂತಿಕೆಯ ಕೆಲಸವಾಗಿ ಕಾಣಲಿಲ್ಲ.

ಮೇಡಂ ನೀಲಿ ಪಟ್ಟಿಯನ್ನು ತೋರಿಸಿದರು. "ಇದು ಏನು ಗೊತ್ತಾ?"

"ತೇಪೆ ಅಲ್ವಾ ಮೇಡಂ?"

"ನಿಮ್ಮ ಬಲಗಾಲು. ಆಪರೇಷನ್ನಿಗೆ ಮೊದಲು ನನ್ನ ಹತ್ರ ಬಂದ್ರಲ್ಲ, ಆವತ್ತು ಒಳ್ಳೆ ಕಾಲಲ್ಲಿ ಹಾರಿಸಿ ಇಲ್ಲಿ ಅಂಟಿಸಿದ್ದೆ. ನೋವಿನಲ್ಲಿದ್ರಿ, ಮರ್ತಿದೀರ. ಎಂಟು ತಿಂಗಳು ಓಡದೆ ಇದ್ರೆ ಒಳ್ಳೆ ಕಾಲೂ ಸೊರಗತ್ತೆ. ಸೊರಗಿದ ಕಾಲಿಗೆ ಹೋಲಿಸಿ ಪಾಸ್ ಮಾಡೋಕಾಗತ್ತಾ? ನಾನು ಅಳೀತಿದ್ದಿದ್ದು ಯಾವಾಗ್ಲೂ ಈ ಪಟ್ಟಿಗೆ. ಬಲಗಾಲನ್ನ ಹಾರಿಸ್ತಿದ್ದಿದ್ದು ಅದೂ ನೆಟ್ಟಗಿದೆಯಾ ಅಂತ ನೋಡೋಕೆ ಅಷ್ಟೇ."

ಕಿಟಕಿಯಲ್ಲಿ ಮೇಷ್ಟ್ರ ತಲೆ ನಿಧಾನವಾಗಿ ಕೆಳಗಿಳಿದು ಕಾಣದಾಯಿತು.

"ಮತ್ತೆ... ಹೋದ ವಾರ ಎಂಬತ್ತಾರು?"

"ಕಾಲಿಗೆ ಬಲ ಬಂದು ತುಂಬ ದಿನ ಆಗಿತ್ತು. ನಿಮಗೆ ಧೈರ್ಯ ಬಂದಿರ್ಲಿಲ್ಲ. ಇವತ್ತು ಬಂತು." ಮೇಡಂ ದನಿ ಇನ್ನೂ ಸಣ್ಣದಾಯಿತು. "ಎಡಗಾಲು ಪಾಸು. ನೂರಕ್ಕೆ ನೂರಕ್ಕಿಂತ ಜಾಸ್ತಿ. ಇಷ್ಟು ವರ್ಷದಲ್ಲಿ ನಾನು ಇಷ್ಟು ಚೆಂದ ವಾಸಿಯಾದ ಮಂಡಿ ನೋಡಿಲ್ಲ."

ಮಿಡತೆ ಆಸೆಯಿಂದ ಕೋಚ್ ಮುಖ ನೋಡಿದ. ಕೋಚ್ ಟೊಪ್ಪಿಗೆ ತೆಗೆದು ಮತ್ತೆ ಹಾಕಿಕೊಂಡರು.

"ಎಡಗಾಲು ಒಂದನ್ನೇ ಬಸ್ ಹತ್ತಿಸೋಕಾಗಲ್ವಲ್ಲೋ, ಮಿಡತೆ," ಎಂದರು. ಬೈಯುತ್ತಾರೆಂದು ಕಾದಿದ್ದವನಿಗೆ ಅವರು ಬೈಯದೇ ಇದ್ದದ್ದು ಇನ್ನೂ ಕಷ್ಟವಾಯಿತು. ಅವರು ಅವನ ಭುಜ ತಟ್ಟಿ, ಹೊಸ ಹುಡುಗನೊಬ್ಬನಿಗೆ ಫೋನ್ ಮಾಡಲು ಹೊರಗೆ ಹೋದರು.

ಮೇಡಂ ಡ್ರಾಯರಿನಿಂದ ಕೆಂಪು ಪಟ್ಟಿ ತೆಗೆದು, ಎಡಗಾಲು ಇಳಿದ ಜಾಗಕ್ಕೆ, ನೀಲಿಯಿಂದ ನಾಲ್ಕು ಬೆರಳು ಆಚೆ ನೀಟಾಗಿ ಅಂಟಿಸಿದರು. "ಇನ್ಮೇಲೆ ಬಲಗಾಲಿಗೆ ಇದು ಗುರಿ. ನಾಳೆಯಿಂದ ಬನ್ನಿ. ಹಿಮ್ಮಡಿ ಜಾರಿಸೋದರಿಂದ ಶುರು."

"ಮೇಡಂ, ನನ್ನ ಬಲಗಾಲು ಹುಟ್ಟಿದಾಗಿನಿಂದ ಅಷ್ಟು ದೂರ ಹೋಗಿಲ್ಲ."

"ಎಡಗಾಲೂ ಹಂಗೇ ಅಂತಿತ್ತು," ಎಂದರು ಮೇಡಂ.

ವಾಪಸು ಬರುವಾಗ ಗಾಡಿಯಲ್ಲಿ ದಿಂಬು ಬಲಗಾಲಿನ ಕೆಳಗೆ ಬಂದಿತ್ತು. ಇಸ್ತ್ರಿಯವನು ಮೂಗು ಸೊರ ಸೊರ ಎನ್ನಿಸುತ್ತಾ ತಳ್ಳುತ್ತಿದ್ದ. ಅಕ್ಕನ ಬಾಯಲ್ಲಿ ನೂರು ಬೈಗುಳ ಸಿದ್ಧವಾಗಿದ್ದವು; ತಮ್ಮನ ಮುಖ ನೋಡಿ ಎಲ್ಲವನ್ನೂ ನುಂಗಿ, ಅವನ ಹೆಗಲ ಮೇಲೆ ಕೈ ಇಟ್ಟುಕೊಂಡು ನಡೆದಳು. ಮೇಷ್ಟ್ರು ಮಾತ್ರ ಬಹಳ ಹಿಂದೆ, ತಲೆ ತಗ್ಗಿಸಿಕೊಂಡು ಬರುತ್ತಿದ್ದರು. ನಿಜವಾಗಿಯೂ ನೊಂದಿದ್ದರು. ಅರ್ಧ ದಾರಿಯಲ್ಲಿ ಅವರ ಹೆಜ್ಜೆ ಚುರುಕಾಯಿತು. ಗಾಡಿಯ ಪಕ್ಕಕ್ಕೆ ಬಂದು, ಅಕ್ಕನಿಗೆ ಕೇಳಿಸದ ಹಾಗೆ ಬಗ್ಗಿದರು.

"ಮಿಡತೇ, ಆ ಕೆಂಪು ಪಟ್ಟಿ ಬರೀ ಅಂಟಿಸಿರೋದು ತಾನೇ? ಯಾರಾದ್ರೂ ಒಂದು ಗೇಣು ಹಿಂದಕ್ಕೆ..."

"ಮೇಷ್ಟ್ರೇ!" ಎಂದಳು ಅಕ್ಕ.

ಕಟ್ಟಡದ ಗೇಟಿನ ಹತ್ತಿರ ಜನ ಸೇರಿದ್ದರು. ಫಲಿತಾಂಶದ ಅರ್ಧ ಭಾಗ ಅವರಿಗೆ ಮೊದಲೇ ತಲುಪಿತ್ತು. ಮುಂದೆ ನಿಂತಿದ್ದ ಅಜ್ಜಿ ಗಾಡಿಗೆ ಅಡ್ಡ ಬಂದು, ಮಿಡತೆಯ ಗಲ್ಲ ಹಿಡಿದು, ಕಣ್ತುಂಬಿ ಹೇಳಿದಳು:

"ಎಡಗಾಲು ಪೂರ್ತಿ ವಾಸಿ ಆಯ್ತಂತಲ್ಲ ಮಗಾ, ನನಗೆಷ್ಟು ಸಂತೋಷ ಆಯ್ತು ಗೊತ್ತಾ? ಬಲಗಾಲಿಗೆ ಇನ್ನು ತೊಂದ್ರೆ ಕೊಡಲ್ಲ ಬಿಡು. ಆ ಐದು ಡಬ್ಬ ಮೇಲೆ ಇಡೋದಿತ್ತು, ಅಷ್ಟೇ."

ಮಿಡತೆ ಎಡಗಾಲನ್ನು ಎರಡೂ ಕೈಯಿಂದ ಮೆಲ್ಲಗೆ ಎತ್ತಿ, ಬಲಗಾಲಿನ ಪಕ್ಕದಲ್ಲಿ ಅದೇ ದಿಂಬಿನ ಮೇಲೆ ಇಟ್ಟುಕೊಂಡ.